ಇಂಗ್ಲಿಷ್ ಪಾಠ, ಪೊಲೀಸ್ ದಾಳಿ: 1919ರ ನ್ಯೂಯಾರ್ಕ್

ಅಮೆರಿಕದಲ್ಲಿ ವಲಸಿಗರ ಮಾತು ಬಂದಾಗಲೆಲ್ಲ ಎರಡು ಬೇಡಿಕೆಗಳು ಒಟ್ಟಿಗೇ ಏಳುತ್ತವೆ. ಇವರು ಇಂಗ್ಲಿಷ್ ಕಲಿತು ನಮ್ಮವರಾಗಲಿ. ಇವರಲ್ಲಿ ದೇಶದ್ರೋಹಿಗಳು ಯಾರೆಂದು ಹುಡುಕಿ. ಒಂದು ಕರೆಯುವ ಮಾತು, ಇನ್ನೊಂದು ಅನುಮಾನದ ಮಾತು. ಇವೆರಡೂ ಗಂಟು ಬಿದ್ದದ್ದು ಹೇಗೆ?

ಅನುಮಾನ ಹಳೆಯದು. 1798ರಲ್ಲೇ ಪೌರತ್ವಕ್ಕೆ 14 ವರ್ಷ ಕಾಯಬೇಕೆಂಬ ಕಾನೂನು ಬಂದಿತ್ತು. 1901ರಲ್ಲಿ ಅಧ್ಯಕ್ಷ ಮೆಕಿನ್ಲಿಯ ಕೊಲೆಯಾಯಿತು. ಕೊಂದವನು ಅರಾಜಕತಾವಾದಿ, ಅಂದರೆ ಸರ್ಕಾರವೇ ಬೇಡ ಎನ್ನುವವನು; ಆದರೆ ಅಮೆರಿಕದಲ್ಲೇ ಹುಟ್ಟಿದವನು. ಆದರೂ ಎರಡು ವರ್ಷದಲ್ಲಿ, ಅರಾಜಕತಾವಾದಿಗಳು ಹೊರಗಿನಿಂದ ಬರದಂತೆ ಕಾನೂನಾಯಿತು. ಮೊದಲ ಮಹಾಯುದ್ಧ ಬಂದ ಮೇಲೆ ಬಿಗಿ ಇನ್ನೂ ಜಾಸ್ತಿಯಾಯಿತು. 1918ರಲ್ಲಿ ಅಯೋವಾ ರಾಜ್ಯದ ಗವರ್ನರ್ ಟೆಲಿಫೋನಿನಲ್ಲೂ ಇಂಗ್ಲಿಷನ್ನೇ ಆಡಬೇಕೆಂದು ಆದೇಶಿಸಿದರು. ಊರಿನ ಅಜ್ಜಿಯರು ಏನು ಮಾಡಬೇಕಿತ್ತು?

ಕಲಿಸುವ ಕೆಲಸವೂ ಆಗ ಜೋರಾಗಿತ್ತು. ಫೋರ್ಡ್ ಕಾರ್ಖಾನೆ 1914ರಲ್ಲಿ ತನ್ನ ಕೆಲಸಗಾರರಿಗೆ ಇಂಗ್ಲಿಷ್ ಶಾಲೆ ತೆರೆಯಿತು. ಕಲಿತು ಮುಗಿಸಿದವರು ತಮ್ಮೂರ ಬಟ್ಟೆಯಲ್ಲಿ ವೇದಿಕೆ ಮೇಲಿನ ದೊಡ್ಡ ಹಂಡೆಯೊಳಗೆ ಇಳಿಯುತ್ತಿದ್ದರು. ಅಮೆರಿಕದ ಬಟ್ಟೆ ತೊಟ್ಟು, ಬಾವುಟ ಹಿಡಿದು ಹೊರಬರುತ್ತಿದ್ದರು.

ಈ ಎರಡೂ ಎಳೆ ಒಂದೇ ಮೇಜಿಗೆ ಬಂದದ್ದು 1919ರ ಮಾರ್ಚ್‌ನಲ್ಲಿ. ರಷ್ಯಾದ ಕ್ರಾಂತಿಯ ಭಯ ಎಲ್ಲೆಡೆ ಇತ್ತು. ನ್ಯೂಯಾರ್ಕ್ ರಾಜ್ಯದ ಶಾಸನಸಭೆ ದೇಶದ್ರೋಹದ ಚಟುವಟಿಕೆಗಳ ತನಿಖೆಗೆ ಒಂದು ಸಮಿತಿ ಮಾಡಿತು. ಸೆನೆಟರ್ ಕ್ಲೇಟನ್ ಲಸ್ಕ್ ಅದರ ಅಧ್ಯಕ್ಷರು. ಜೂನ್ 21ರಂದು ಸಮಿತಿ ರ‍್ಯಾಂಡ್ ಸ್ಕೂಲ್ ಮೇಲೆ ದಾಳಿ ಮಾಡಿಸಿ ಕಾಗದಪತ್ರ ಹೊತ್ತೊಯ್ದಿತು. ಅದು ಸಮಾಜವಾದಿಗಳು ನಡೆಸುತ್ತಿದ್ದ, ಕೆಲಸಗಾರರ ಶಾಲೆ. ವಲಸಿಗರಿಗೆ ಅಲ್ಲಿ ಇಂಗ್ಲಿಷ್ ಪಾಠವೂ ನಡೆಯುತ್ತಿತ್ತು! ಇಂಗ್ಲಿಷ್ ಕಲಿಯಿರಿ ಎಂದವರಿಗೆ, ಕಲಿತದ್ದು ಎಲ್ಲಿ ಎಂಬುದೂ ಮುಖ್ಯವಾಗಿತ್ತು. ಶಾಲೆ ಮುಚ್ಚಿಸಲು ಕೋರ್ಟಿಗೆ ಹೋದದ್ದು ಮಾತ್ರ ಫಲಿಸಲಿಲ್ಲ.

ನವೆಂಬರ್‌ನಲ್ಲಿ ಸಮಿತಿ ನ್ಯೂಯಾರ್ಕ್ ನಗರದ 70ಕ್ಕೂ ಹೆಚ್ಚು ಕಡೆ ದಾಳಿ ಮಾಡಿಸಿತು. ಡಿಸೆಂಬರ್ 21ರಂದು ಕೇಂದ್ರ ಸರ್ಕಾರ ಅಪಾಯಕಾರಿಗಳೆಂದು ಕಂಡ 249 ವಲಸಿಗರನ್ನು ಬ್ಯೂಫೋರ್ಡ್ ಹಡಗಿನಲ್ಲಿ ರಷ್ಯಾದ ಕಡೆಗೆ ಸಾಗಿಸಿತು. 1920ರಲ್ಲಿ, ಜನ ಆರಿಸಿ ಕಳಿಸಿದ್ದ ಐದು ಸಮಾಜವಾದಿ ಶಾಸಕರನ್ನು ನ್ಯೂಯಾರ್ಕ್ ವಿಧಾನಸಭೆಯೇ ಹೊರಹಾಕಿತು.

ಅದೇ ವರ್ಷ ಬಂತು ಸಮಿತಿಯ ವರದಿ: ನಾಲ್ಕು ಸಂಪುಟ, 4000ಕ್ಕೂ ಹೆಚ್ಚು ಪುಟ. ಮೊದಲ ಎರಡರಲ್ಲಿ ಕ್ರಾಂತಿಕಾರಿಗಳ ವಿವರ. ಉಳಿದ ಎರಡರಲ್ಲಿ ಹೆಚ್ಚಾಗಿ ವಲಸಿಗರಿಗೆ ಪೌರಪಾಠ, ಅಂದರೆ ಒಳ್ಳೆಯ ಪೌರರಾಗುವ ಪಾಠ, ಕಲಿಸುವ ವಿಚಾರ. ಪಾಠ ಬೇಕಿತ್ತು, ಅದರಲ್ಲಿ ಅನುಮಾನವಿಲ್ಲ. ಹಗಲೆಲ್ಲ ದುಡಿದು ರಾತ್ರಿ ಅಕ್ಷರ ತಿದ್ದುವವರ ಶ್ರಮ ದೊಡ್ಡದು. ಆದರೆ ಅದೇ ವರದಿ ಅವರನ್ನು ಅಪಾಯವೆಂದೂ ಕಂಡಾಗ, ಪಾಠಕ್ಕೆ ಕಾವಲಿನ ವಾಸನೆ ಬರುತ್ತದೆ ಅಲ್ವಾ?

1921ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಶಿಕ್ಷಕರ ನಿಷ್ಠೆ ಪರೀಕ್ಷಿಸುವ, ಖಾಸಗಿ ಶಾಲೆಗಳಿಗೆ ಪರವಾನಗಿ ಬೇಕೆನ್ನುವ ಕಾನೂನುಗಳು ಬಂದವು. 1923ರಲ್ಲಿ ಗವರ್ನರ್ ಆಲ್ ಸ್ಮಿತ್ ಕಾಲದಲ್ಲಿ ರದ್ದಾದವು. ಮರುವರ್ಷ ದೇಶವೇ ವಲಸೆಗೆ ಕಟ್ಟುನಿಟ್ಟಿನ ಕೋಟಾ ಹಾಕಿತು.

ನಮ್ಮವರ ಕಥೆಯೂ ಇಲ್ಲಿದೆ. ಪಂಜಾಬಿನ ಭಗತ್ ಸಿಂಗ್ ಥಿಂಡ್ ಯುದ್ಧಕಾಲದಲ್ಲಿ ಅಮೆರಿಕದ ಸೈನ್ಯ ಸೇರಿದ್ದರು. ಇಂಗ್ಲಿಷ್ ಬರುತ್ತಿತ್ತು, ಸಮವಸ್ತ್ರವನ್ನೂ ತೊಟ್ಟಿದ್ದರು. ಆದರೂ 1923ರಲ್ಲಿ ಸುಪ್ರೀಂ ಕೋರ್ಟ್, ಇವರು ಬಿಳಿಯರಲ್ಲ, ಪೌರತ್ವವಿಲ್ಲ ಎಂದಿತು. ಆಗಲೇ ಪೌರರಾಗಿದ್ದ ಹಲವು ಭಾರತೀಯರೂ ಪೌರತ್ವ ಕಳೆದುಕೊಂಡರು. ಥಿಂಡ್‌ಗೆ ಅದು ಸಿಕ್ಕಿದ್ದು 1936ರಲ್ಲಿ, ಮಾಜಿ ಸೈನಿಕರಿಗಾಗಿ ಬಂದ ಹೊಸ ಕಾನೂನಿನಿಂದ. ಉಳಿದ ಭಾರತೀಯರು 1946ರವರೆಗೆ ಕಾಯಬೇಕಾಯಿತು.