ಕೆಜಿಎಫ್‌ನಲ್ಲಿ ಸೈನೈಡ್ ದಿಬ್ಬ ಹತ್ತಿ ಟ್ರೆಕ್ ಮಾಡ್ಬೋದಾ?

ಪ್ರಶ್ನೆ: ಸರ್, ನಾವು ನಾಲ್ಕೈದು ಜನ ಫ್ರೆಂಡ್ಸು ಮಕ್ಕಳನ್ನೂ ಕರ್ಕೊಂಡು ಒಂದು ಭಾನುವಾರ ಕೆಜಿಎಫ್‌ಗೆ ಬರ್ಬೇಕು ಅಂತಿದೀವಿ. ಫೋಟೋದಲ್ಲಿ ಕಾಣೋ ಆ ಸೈನೈಡ್ ಗುಡ್ಡ ಹತ್ತೋಕೆ ಆಗತ್ತಾ? ಮುಟ್ಟಿದ್ರೆ ವಿಷ ಅಂತಾರಲ್ಲ, ನಿಜಾನಾ? ಅದು ಬೇಡ ಅಂದ್ರೆ ಬೇರೆ ಎಲ್ಲಿ ನಡೀಬೋದು?

ಉತ್ತರ: ಕೆಜಿಎಫ್‌ನಲ್ಲಿ ನಡೀಬೋದು, ಖಂಡಿತ ಬನ್ನಿ, ಆದ್ರೆ ದಿಬ್ಬ ಮಾತ್ರ ಹತ್ತಬೇಡಿ. ಈ ಪ್ರಶ್ನೆ ನಮ್ ಕೋಲಾರದ ಕಡೆಯವರಿಗೆ ಯಾವಾಗ್ಲೂ ಬರತ್ತೆ, ಸಿನಿಮಾ ಬಂದ್ಮೇಲಂತೂ ಇನ್ನೂ ಜಾಸ್ತಿ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲು ಆ ದಿಬ್ಬ ಏನು ಅಂತ ತಿಳ್ಕೊಳಿ. ದೂರದಿಂದ ಬೆಟ್ಟದ ಥರ ಕಾಣತ್ತೆ ಅಷ್ಟೇ, ಒಳಗೆ ಬಂಡೆ ಇಲ್ಲ, ಬೇರು ಇಲ್ಲ. ಗಣಿಯಿಂದ ಮೇಲಕ್ಕೆ ತಂದ ಕಲ್ಲನ್ನ ಮಿಲ್ಲಲ್ಲಿ ಕುಟ್ಟಿ ಅರೆದು, ಸೈನೈಡ್ ಬೆರೆಸಿದ ನೀರಲ್ಲಿ ಚಿನ್ನ ಕರಗಿಸಿ ತೆಗೆದ್ಮೇಲೆ ಉಳಿಯೋ ಪುಡೀನ ನೂರು ವರ್ಷಕ್ಕೂ ಮೇಲೆ ಅಲ್ಲೇ ಸುರೀತಾ ಬಂದ್ರು, ಹಂಗೆ ಬೆಳೆದಿದ್ದು ಅದು. ಅಂಥವು 13 ದಿಬ್ಬ ಇವೆ, ಒಟ್ಟು ಸಾವಿರ ಎಕರೆಯಷ್ಟು ಜಾಗ, 3 ಕೋಟಿ ಟನ್ನಿಗೂ ಜಾಸ್ತಿ ಪುಡಿ. ಅದರಲ್ಲಿ ಇನ್ನೂ ಸ್ವಲ್ಪ ಚಿನ್ನ ಉಳಿದಿದೆ ಅಂತಾನೇ ಈ ದಿಬ್ಬಗಳಲ್ಲಿ ಗಣಿಗಾರಿಕೆ ಮಾಡೋ ಪ್ರಸ್ತಾಪಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದ್ದು.

ಮುಟ್ಟಿದ್ರೆ ಸತ್ತೋಗ್ತಾರೆ ಅನ್ನೋದು ಸುಳ್ಳು. ಸೈನೈಡ್ ಬಿಸಿಲಿಗೆ, ಗಾಳಿಗೆ ಒಡೆದು ಹೋಗೋ ವಸ್ತು, ಗಣಿ ಮುಚ್ಚಿದ್ದು 2001ರಲ್ಲಿ, ಮೇಲಿನ ಪದರದಲ್ಲಿ ಇದ್ದ ಸೈನೈಡ್ ಬಹುಪಾಲು ಹೋಗಿರತ್ತೆ. ಆದ್ರೆ ಇಷ್ಟು ಕೇಳಿ ಧೈರ್ಯ ತಗೋಬೇಡಿ, ಯಾಕಂದ್ರೆ ನಿಜವಾದ ತೊಂದ್ರೆ ಧೂಳು. ಅದು ರಾಗಿ ಹಿಟ್ಟಿನಷ್ಟು ನುಣ್ಣಗಿರತ್ತೆ, ಅದರಲ್ಲಿ ಸಿಲಿಕಾ ಅನ್ನೋ ಕಲ್ಲಿನ ಅಂಶ ಇರತ್ತೆ, ಲೋಹದ ಅಂಶ ಇರತ್ತೆ, ಆಷಾಢದ ಗಾಳಿ ಎದ್ದಾಗ ಪಕ್ಕದ ಕಾಲೊನಿಗಳ ಮನೆ, ಪಾತ್ರೆ, ಊಟ ಎಲ್ಲದರ ಮೇಲೂ ಬಂದು ಕೂರತ್ತೆ. ಅಲ್ಲಿ ವಾಸ ಇರೋರು ವರ್ಷಾನುಗಟ್ಟಲೆ ಅದನ್ನೇ ಉಸಿರಾಡ್ತಾ ಇದಾರೆ, ಇದು ನನಗೆ ತುಂಬಾ ಸಂಕಟ ಆಗೋ ವಿಷಯ. ಗಣಿ ಒಳಗೆ ಕೆಲಸ ಮಾಡಿದವರಿಗೆ ಸಿಲಿಕಾ ಧೂಳಿಂದ ಸಿಲಿಕೋಸಿಸ್ ಬರೋದು 1940ರ ದಶಕದಲ್ಲೇ ಗೊತ್ತಾಗಿತ್ತು, ಶ್ವಾಸಕೋಶ ಗಟ್ಟಿಯಾಗಿ ಉಸಿರೇ ಸಿಗದೆ ಹೋಗೋ ಕಾಯಿಲೆ ಅದು. ನಾವು ಒಂದು ಫೋಟೋಗೋಸ್ಕರ ದಿಬ್ಬ ಹತ್ತಿ ಇಳಿದ್ರೆ ಮೇಲಿನ ಗಟ್ಟಿ ಪದರ ಒಡೆಯತ್ತೆ, ಕೆಳಗಿನ ಪುಡಿ ಮತ್ತೆ ಗಾಳಿಗೆ ಸಿಗತ್ತೆ, ಅದು ಹೋಗೋದು ಅವರ ಮನೆಗೇನೇ.

ಇನ್ನೊಂದು, ಮಳೆ ನೀರು ಕೊರೆದು ಆ ದಿಬ್ಬಗಳಲ್ಲಿ ಆಳವಾದ ಕೊರಕಲು ಆಗಿವೆ, ಅಂಚು ಗಟ್ಟಿ ಇದೆ ಅಂತ ಕಾಲಿಟ್ರೆ ಕುಸಿಯತ್ತೆ. ಬುಡದಲ್ಲಿ ನಿಂತಿರೋ ನೀರಿಗೆ ಮಕ್ಕಳನ್ನ ಇಳಿಸ್ಲೇಬೇಡಿ. ರಸ್ತೆಯಿಂದಾನೇ ನೋಡಿ, ಅಷ್ಟು ದೊಡ್ಡದು ದೂರದಿಂದಾನೇ ಚೆನ್ನಾಗಿ ಕಾಣೋದು.

ಹಂಗಾದ್ರೆ ಎಲ್ಲಿ ನಡೆಯೋದು? ನಾನು ಹೇಳೋದು ಮಾರಿಕುಪ್ಪಂನಿಂದ ಊರಿಗಾಂ ಕಡೆಗೆ, ಊರೊಳಗಿನ ರಸ್ತೆಯಲ್ಲಿ. ಬೆಂಗಳೂರಿಂದ ಬಂಗಾರಪೇಟೆ ಮೇಲೆ ಮಾರಿಕುಪ್ಪಂಗೆ ನೇರ ರೈಲಿದೆ, ಅದೇ ಕೊನೇ ಸ್ಟೇಷನ್. ಬಂಗಾರಪೇಟೆಯಿಂದ ಬರೋ ಈ ಲೈನ್ ಹಾಕಿದ್ದೇ ಗಣಿಗೋಸ್ಕರ, 1894ರಲ್ಲಿ. ಇಲ್ಲಿ ಒಂದು ವಿಷಯ ಗಮನಿಸಿ, ಚಿನ್ನದ ಪದರ ನೆಲದೊಳಗೆ ದಕ್ಷಿಣದಿಂದ ಉತ್ತರಕ್ಕೆ ಓಡತ್ತೆ, ಅದಕ್ಕೇ ಮೈಸೂರು ಮೈನು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಮೈನು ಎಲ್ಲಾ ಒಂದೇ ಸಾಲಲ್ಲಿ ಇರೋದು, ಕಾಲೊನಿಗಳೂ ಅದೇ ಸಾಲಲ್ಲಿ. ಅಂದ್ರೆ ನೀವು ಉತ್ತರಕ್ಕೆ ನಡೀತಾ ಹೋದಷ್ಟೂ ಆ ಪದರದ ಜೊತೆಗೇ ಹೋಗ್ತಿರ್ತೀರ, ಚಾಂಪಿಯನ್ ರೀಫ್ ಹತ್ರ ಬಂದಾಗ ನಿಮ್ ಕಾಲ ಕೆಳಗೆ 3 ಕಿಲೋಮೀಟರ್‌ಗೂ ಆಳಕ್ಕೆ ಗಣಿ ಇಳಿದಿರತ್ತೆ. ಮಕ್ಕಳಿಗೆ ಇದನ್ನ ಅಲ್ಲೇ ನಿಂತು ಹೇಳಿ. ಇದೇ ಗಣಿಯೊಳಗೆ, 2 ಕಿಲೋಮೀಟರ್‌ಗೂ ಜಾಸ್ತಿ ಆಳದಲ್ಲಿ, 1965ರಲ್ಲಿ ನಮ್ಮ ವಿಜ್ಞಾನಿಗಳು ಜಪಾನ್, ಬ್ರಿಟನ್‌ನವರ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋ ಕಣಗಳ ಗುರುತು ಹಿಡಿದಿದ್ದು, ಪ್ರಪಂಚದಲ್ಲೇ ಮೊದಮೊದಲು. ಶಿವನಸಮುದ್ರದ ಕರೆಂಟು 1902ರಲ್ಲಿ ಬಂದಿದ್ದೂ ಇಲ್ಲಿಗೇನೇ, ಬೆಂಗಳೂರಿನ ಬೀದಿದೀಪ ಉರಿದಿದ್ದು ಆಮೇಲೆ, 1905ರಲ್ಲಿ.

ದಾರೀಲಿ ಹಳೇ ಶಾಫ್ಟ್‌ಗಳ, ಅಂದ್ರೆ ಗಣಿಗೆ ಇಳಿಯೋ ಬಾವಿಗಳ ಮೇಲಿನ ಕಬ್ಬಿಣದ ಗೋಪುರ ಕಾಣತ್ತೆ, ಬ್ರಿಟಿಷರ ಕಾಲದ ಬಂಗಲೆ ಕಾಣತ್ತೆ, ಅದರಿಂದ ಸ್ವಲ್ಪ ದೂರದಲ್ಲೇ ಕಾರ್ಮಿಕರ ಲೈನ್ ಮನೆಗಳು, ಒಂದಕ್ಕೊಂದು ಅಂಟ್ಕೊಂಡು, ತೀರಾ ಚಿಕ್ಕವು. ಸುಮಾರು 800 ಟನ್ ಚಿನ್ನ ತೆಗೆದ ಊರು ಇದು, ಅದನ್ನ ತೆಗೆದವರು ಎಂಥಾ ಮನೇಲಿ ಇದ್ರು ಅಂತ ಈ ದಾರೀಲಿ ನಡೆದ್ರೆ ಗೊತ್ತಾಗೋ ಅಷ್ಟು ಯಾವ ವೀಡಿಯೋ ನೋಡಿದ್ರೂ ಗೊತ್ತಾಗಲ್ಲ. ಅಲ್ಲಿ ಈಗ್ಲೂ ಜನ ಇದಾರೆ, ಹಾಳುಬಿದ್ದ ಜಾಗ ಅನ್ಕೊಂಡು ಮನೆ ಬಾಗಿಲಿಗೆ ಕ್ಯಾಮೆರಾ ಹಿಡೀಬೇಡಿ, ಮಾತಾಡ್ಸಿ, ಕೇಳಿ ತೆಗೀರಿ. ಹೆಚ್ಚಿನವರು ಮನೇಲಿ ಮಾತಾಡೋದು ತಮಿಳು, ಕನ್ನಡದಲ್ಲಿ ಕೇಳಿದ್ರೂ ದಾರಿ ಹೇಳ್ತಾರೆ. ಹಿರಿಯರು ಸಿಕ್ಕಿದ್ರೆ ಕೂತು ಕೇಳಿ, ರಾಕ್ ಬರ್ಸ್ಟ್ ಆದಾಗ, ಅಂದ್ರೆ ಆಳದಲ್ಲಿ ಒತ್ತಡಕ್ಕೆ ಬಂಡೆ ಸಿಡಿದಾಗ, ನೆಲ ಹೆಂಗೆ ನಡುಗ್ತಿತ್ತು ಅಂತ ಹೇಳೋರು ಇನ್ನೂ ಇದಾರೆ.

ಬೇಲಿ ಅಥವಾ ಗೋಡೆ ಇರೋ ಕಡೆ ದಾಟಬೇಡಿ, ಶಾಫ್ಟು, ಹಳೇ ಮಿಲ್ಲು ಎರಡಕ್ಕೂ ಈ ಮಾತೇ. ಗಣಿಯಿಂದ ನೀರೆತ್ತೋ ಪಂಪ್ ನಿಂತ್ಮೇಲೆ ಒಳಗೆಲ್ಲಾ ನೀರು ತುಂಬಿದೆ, ಕುಸಿಯೋ ಜಾಗ ಯಾವುದು ಅಂತ ಮೇಲಿಂದ ಗೊತ್ತಾಗಲ್ಲ. ರೈಲು ಹಳಿ ಮೇಲೂ ನಡೀಬೇಡಿ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೇ ಟೈಮು, ಬೆಳಿಗ್ಗೆ ಬೇಗ ಶುರು ಮಾಡಿ, ದಾರೀಲಿ ನೆರಳು ಕಮ್ಮಿ. ನೀರು ಜೊತೇಲೇ ಇಟ್ಕೊಳಿ, ಊಟಕ್ಕೆ ರಾಬರ್ಟ್‌ಸನ್‌ಪೇಟೆ ಇದೆ. ಭಾನುವಾರ ಬಿಟ್ಟು ಬೇರೆ ದಿನ ಬಂದ್ರೂ ರೈಲಲ್ಲಿ ಸೀಟಿನ ಚಿಂತೆ ಇಲ್ಲ, ಯಾಕಂದ್ರೆ ಗಣಿ ಮುಚ್ಚಿದ್ಮೇಲೆ ಕೆಜಿಎಫ್‌ನ ಸಾವಿರಾರು ಜನ ದಿನಾ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರ್ತಾರೆ, ಬೆಳಿಗ್ಗೆ ಆ ಕಡೆ ರಶ್ಶು, ಸಂಜೆ ಈ ಕಡೆ ರಶ್ಶು, ನೀವು ಎರಡೂ ಹೊತ್ತು ಉಲ್ಟಾ ಹೋಗ್ತಿರ್ತೀರ.

ಇಲ್ಲ ನಮಗೆ ಹತ್ತೋಕೇ ಬೇಕು ಅಂದ್ರೆ ಕೋಲಾರದ ಅಂತರಗಂಗೆ ಬೆಟ್ಟಕ್ಕೆ ಹೋಗಿ, ಮೆಟ್ಟಿಲಿದೆ, ಮೇಲೆ ಬಂಡೆ, ಗುಹೆ ಎಲ್ಲಾ ಇದೆ, ಮಕ್ಕಳಿಗೂ ಖುಷಿ ಆಗತ್ತೆ. ಕಲ್ಲಿನ ಬಗ್ಗೆ ಆಸಕ್ತಿ ಇರೋರು ಕೆಜಿಎಫ್ ಹತ್ರ ಪೆದ್ದಪಲ್ಲಿಗೂ ಹೋಗ್ಬೋದು, ಅಲ್ಲಿನ ಅಗ್ನಿಪರ್ವತದ ಕಲ್ಲನ್ನ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಕೋಟಿ ವರ್ಷಗಳ ಲೆಕ್ಕದಲ್ಲಿ ಹಳೇದು ಅದು, ಕೈಯಿಂದ ಮುಟ್ಟಿ ನೋಡಿ, ಆದ್ರೆ ಚೂರು ಕೂಡ ಒಡ್ಕೊಂಡು ಬರ್ಬೇಡಿ.