ಟಹೀಟಿಯ ಗಾಳಿ ಒತ್ತಡಕ್ಕೂ ಗದಗಿನ ಹೆಸರು ಬೆಳೆಗೂ ಏನು ನಂಟು?

ಏಪ್ರಿಲ್ ಬಂತೆಂದರೆ ಟಿವಿಯಲ್ಲಿ ಮಳೆಯದೇ ಮಾತು. ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಮುಂಗಾರಿಗೆ ಏಟು ಕೊಡಬಲ್ಲ ಎಲ್ ನಿನೊ ಬರುತ್ತಂತೆ ಅಂದರೆ ಸಾಕು, ಹುಬ್ಬಳ್ಳಿ ಎಪಿಎಂಸಿಯಿಂದ ಹಿಡಿದು ನರಗುಂದದ ಬೀಜದ ಅಂಗಡಿವರೆಗೂ ಅದೇ ಚರ್ಚೆ. ಸುದ್ದಿ ಸುಳ್ಳೇನಲ್ಲ. ಆದರೆ ಅದು ಇಡೀ ದೇಶದ ಲೆಕ್ಕ. ನಮ್ಮ ಧಾರವಾಡ, ಗದಗ, ಹಾವೇರಿ ಸೀಮೆಗೆ ಅದನ್ನೇ ತಂದು ಹಚ್ಚಿದರೆ ಎಡವುತ್ತೇವೆ.

ಮಳೆಯನ್ನು ಮುಂಚೆಯೇ ಹೇಳುವ ಈ ವಿದ್ಯೆ ಬೆಳೆದದ್ದೇ ಬರಗಾಲದಿಂದ. 1876ರಲ್ಲಿ ಮುಂಗಾರು ಕೈಕೊಟ್ಟಿತು. ಆಗ ಧಾರವಾಡ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು, ಗದಗ, ಹಾವೇರಿ ಅದರೊಳಗೇ ಇದ್ದವು, ಬೇರೆ ಜಿಲ್ಲೆಗಳಾಗಿದ್ದು 1997ರಲ್ಲಿ. ದಖ್ಖನ್, ಮೈಸೂರು, ಮದ್ರಾಸು ಎಲ್ಲಾ ಕಡೆ ಹಸಿವು. 1878ರ ಹೊತ್ತಿಗೆ ಸತ್ತವರು 50 ಲಕ್ಷಕ್ಕೂ ಜಾಸ್ತಿ. ಜನ ಸಾಯುತ್ತಿದ್ದರೂ ಧಾನ್ಯ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಲೇ ಇತ್ತು, ಹಾಗಾಗಿ ಆ ಸಾವುಗಳಿಗೆಲ್ಲ ಮಳೆಯೊಂದನ್ನೇ ದೂರುವುದನ್ನು ನಾನಂತೂ ಒಪ್ಪಲ್ಲ.

1876ರಲ್ಲಿ ಹವಾಮಾನ ಇಲಾಖೆ ಶುರುವಾಗಿ ಇನ್ನೂ ಒಂದೇ ವರ್ಷ. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫರ್ಡ್. ಬರದ ದಿನಗಳಲ್ಲಿ ಗಾಳಿಯ ಒತ್ತಡ ನಮ್ಮಲ್ಲಿ ಮಾತ್ರ ಅಲ್ಲ, ದೂರದೂರದ ದೇಶಗಳಲ್ಲೂ ಏರಿತ್ತು ಅನ್ನುವುದು ಅವರ ಕಣ್ಣಿಗೆ ಬಿತ್ತು. ಕಾರಣ ಸಿಗಲಿಲ್ಲ. ಮುಂದೆ ಹಿಮಾಲಯದ ಹಿಮ ನೋಡಿ ಮಳೆ ಹೇಳುವ ದಾರಿ ಹಿಡಿದರು. 1899ರಲ್ಲಿ ಮತ್ತೆ ದೊಡ್ಡ ಬರ ಬಂದಾಗ ಇಲಾಖೆಯ ಮುನ್ಸೂಚನೆ ಪೂರ್ತಿ ಉಲ್ಟಾ ಆಯಿತು.

1904ರಲ್ಲಿ ಇಲಾಖೆಗೆ ಬಂದ ಗಿಲ್ಬರ್ಟ್ ವಾಕರ್ ಗಣಿತದ ಮನುಷ್ಯ. ಹವಾಮಾನ ಓದಿದವರಲ್ಲ. ಪ್ರಪಂಚದ ಬೇರೆ ಬೇರೆ ಊರುಗಳ ಒತ್ತಡ, ಮಳೆ, ಉಷ್ಣಾಂಶದ ಅಂಕಿ ತರಿಸಿ, ಗುಮಾಸ್ತರನ್ನು ಕೂರಿಸಿ, ಯಾವ ಊರಿನ ಏರಿಳಿತ ಯಾವ ಊರಿನದಕ್ಕೆ ಹೊಂದುತ್ತದೆ ಅಂತ ವರ್ಷಗಟ್ಟಲೆ ಕೈಯಲ್ಲೇ ಲೆಕ್ಕ ಹಾಕಿಸಿದರು. ಕಂಪ್ಯೂಟರ್ ಇಲ್ಲದ ಕಾಲ ಅದು. ಕೊನೆಗೆ ಸಿಕ್ಕಿದ್ದು ಒಂದು ದೊಡ್ಡ ತಕ್ಕಡಿ. ಪೆಸಿಫಿಕ್ ಕಡೆ ಒತ್ತಡ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದರೆ ಇಲ್ಲಿ ಏರುತ್ತದೆ. 1920ರ ದಶಕದಲ್ಲಿ ಇದಕ್ಕೆ ‘ದಕ್ಷಿಣ ಆಂದೋಲನ’ ಅಂತ ಹೆಸರಿಟ್ಟರು. ಇವತ್ತಿಗೂ ಟಹೀಟಿ ದ್ವೀಪ ಮತ್ತು ಆಸ್ಟ್ರೇಲಿಯಾದ ಡಾರ್ವಿನ್ ಊರಿನ ಒತ್ತಡದ ವ್ಯತ್ಯಾಸದಿಂದಲೇ ಇದನ್ನು ಅಳೆಯುತ್ತಾರೆ.

ಯಾಕೆ ಹೀಗೆ ಅನ್ನುವುದಕ್ಕೆ ಉತ್ತರ ಬಂದಿದ್ದು 1969ರಲ್ಲಿ, ಹವಾಮಾನ ವಿಜ್ಞಾನಿ ಯಾಕಬ್ ಬ್ಯೆರ್ಕ್ನೆಸ್ ಅವರಿಂದ. ಸಾಮಾನ್ಯ ವರ್ಷಗಳಲ್ಲಿ ಪೆಸಿಫಿಕ್ ಮೇಲಿನ ಗಾಳಿ ಬಿಸಿ ನೀರನ್ನು ಇಂಡೋನೇಷ್ಯಾ ಕಡೆ ತಳ್ಳುತ್ತದೆ. ಅಲ್ಲಿ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ. ಕೆಲವು ವರ್ಷ ಆ ಗಾಳಿ ಸೋಲುತ್ತದೆ. ಬಿಸಿ ನೀರು ಪೂರ್ವಕ್ಕೆ, ಪೆರು ದೇಶದ ಕಡೆಗೆ ಸರಿಯುತ್ತದೆ. ಮೋಡದ ಜಾಗವೂ ಅದರ ಹಿಂದೆಯೇ ಹೊರಡುತ್ತದೆ. ಇತ್ತ ಇಂಡೋನೇಷ್ಯಾದಿಂದ ನಮ್ಮವರೆಗೂ ಗಾಳಿ ಕೆಳಗಿಳಿಯುತ್ತದೆ, ಮೋಡ ಬೆಳೆಯಲು ಬಿಡುವುದಿಲ್ಲ. ಎಲ್ ನಿನೊ ಅಂದರೆ ಇದೇ. ವಾಕರ್ ಕಂಡ ಒತ್ತಡದ ಆಟ, ಸಮುದ್ರ ಬಿಸಿಯಾಗುವುದು ಎರಡೂ ಒಂದಕ್ಕೊಂದು ಗಂಟುಬಿದ್ದಿವೆ.

ಇಷ್ಟಾದರೂ 1997ರಲ್ಲಿ ಎಲ್ಲರಿಗೂ ಆಶ್ಚರ್ಯ ಕಾದಿತ್ತು. ಭಯಂಕರ ಎಲ್ ನಿನೊ ಇದ್ದರೂ ದೇಶದಲ್ಲಿ ಮಳೆ ಸರಿಯಾಗೇ ಆಯಿತು. ಎರಡು ವರ್ಷದ ನಂತರ ಸಾಜಿ, ಗೋಸ್ವಾಮಿ, ವಿನಯಚಂದ್ರನ್, ಯಮಗಾಟ ಅನ್ನುವ ವಿಜ್ಞಾನಿಗಳು ಸೇರಿ ಹಿಂದೂ ಮಹಾಸಾಗರದ್ದೇ ಒಂದು ಏರಿಳಿತವನ್ನು ತೋರಿಸಿಕೊಟ್ಟರು. ಅದರ ಪಶ್ಚಿಮ ಭಾಗ ಬಿಸಿಯಾಗಿ ಪೂರ್ವ ಭಾಗ ತಣ್ಣಗಾದರೆ ನಮ್ಮ ಮುಂಗಾರಿಗೆ ಬಲ ಬರಬಹುದು, ಎಲ್ ನಿನೊ ಏಟು ಸ್ವಲ್ಪ ತಗ್ಗಬಹುದು.

ಈಗ ನಮ್ಮ ಸೀಮೆಗೆ ಬನ್ನಿ. 2009 ಎಲ್ ನಿನೊ ವರ್ಷ. ದೇಶದ ಮುಂಗಾರು ವಾಡಿಕೆಗಿಂತ ಸುಮಾರು 22 ಶೇಕಡಾ ಕಡಿಮೆ. ಅದೇ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕ ನೀರಲ್ಲಿ ಮುಳುಗಿತು! ದೆಹಲಿಯ ಲೆಕ್ಕದಲ್ಲಿ ಬರ, ನಮ್ಮ ಲೆಕ್ಕದಲ್ಲಿ ನೆರೆ. 2023ರ ಎಲ್ ನಿನೊ ಹಾಗಲ್ಲ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಎಲ್ ನಿನೊ ಇದ್ದಾಗ ದಕ್ಷಿಣ ಭಾರತದ ಹಿಂಗಾರು ಎಷ್ಟೋ ಸಲ ಜೋರಾಗುತ್ತದೆ, ಆದರೆ ಅದರ ಪಾಲು ಗದಗಿನವರೆಗೆ ಬರುತ್ತದೋ ಇಲ್ಲವೋ ಅನ್ನುವುದು ಬಂಗಾಳ ಕೊಲ್ಲಿಯಲ್ಲಿ ಏಳುವ ವಾಯುಭಾರ ಕುಸಿತಗಳು ಯಾವ ದಾರಿ ಹಿಡಿಯುತ್ತವೆ ಅನ್ನುವುದರ ಮೇಲೆ ನಿಂತಿದೆ. ಎರೆ ಹೊಲದಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಬಿತ್ತುವವರಿಗೆ ಆ ಮಳೆಯೇ ಮುಖ್ಯ ಅಲ್ವಾ?

ಇನ್ನೊಂದು ಏರಿಳಿತವಿದೆ, ಅದರ ಬಗ್ಗೆ ಟಿವಿಯವರು ಮಾತಾಡುವುದೇ ಇಲ್ಲ. 1971ರಲ್ಲಿ ಮ್ಯಾಡನ್ ಮತ್ತು ಜೂಲಿಯನ್ ಅನ್ನುವ ವಿಜ್ಞಾನಿಗಳು ಗುರುತಿಸಿದ್ದು. ಮೋಡಗಳ ದೊಡ್ಡ ಗುಂಪೊಂದು 30ರಿಂದ 60 ದಿನಕ್ಕೊಮ್ಮೆ ಭೂಮಧ್ಯರೇಖೆಯ ಗುಂಟ ಪೂರ್ವಕ್ಕೆ ಸಾಗುತ್ತದೆ. ಅದು ಹಿಂದೂ ಮಹಾಸಾಗರದ ಮೇಲಿದ್ದಾಗ ಮಳೆಗೆ ಹುರುಪು, ದಾಟಿ ಹೋದಾಗ ಬಿಡುವು. ಹೆಸರುಕಾಳು ಎರಡು, ಎರಡೂವರೆ ತಿಂಗಳ ಬೆಳೆ. ಜೂನ್‌ನ ಮಿರಗದ (ಮೃಗಶಿರಾ) ಮಳೆಗೆ ಬಿತ್ತಿದ್ದು ಜುಲೈನಲ್ಲಿ ಹೂವಾಡುತ್ತದೆ. ಆಗ ಮೂರು ವಾರ ಮಳೆ ನಿಂತರೆ ಹೂ ಉದುರುತ್ತದೆ, ಕಾಯಿ ಜೊಳ್ಳಾಗುತ್ತದೆ. ಆಮೇಲೆ ಆಗಸ್ಟ್‌ನಲ್ಲಿ ಸುರಿದು ಒಟ್ಟು ಲೆಕ್ಕ ವಾಡಿಕೆ ಮುಟ್ಟಿದರೂ ಆ ರೈತನಿಗೆ ಸಿಗುವುದು ಬರೀ ಹೊಟ್ಟು.

ಹಾಗಾಗಿ ಏಪ್ರಿಲ್‌ನ ಒಂದು ಸುದ್ದಿ ನಂಬಿ ಬೆಳೆ ಬದಲಿಸಬೇಡಿ. ನಮ್ಮ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆ ಮಾಪಕಗಳಿವೆ, ರಾಜ್ಯದ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಮಳೆ ವಿಚಾರ ಕೇಳಬಹುದು. ಬಿತ್ತುವ ಮುಂಚೆ ಒಮ್ಮೆ, ಔಷಧಿ ಹೊಡೆಯುವ ಮುಂಚೆ ಇನ್ನೊಮ್ಮೆ ಕೇಳಿ.