ಸುಗ್ಗಿಯಿಂದ ಸುಗ್ಗಿಯವರೆಗೆ

ಹೊಲದ ಫಸಲು ವರ್ಷದ ಕೆಲವೇ ವಾರಗಳಲ್ಲಿ ಒಮ್ಮೆಲೇ ಕೈಗೆ ಬರುತ್ತದೆ. ಅದನ್ನು ನೆಚ್ಚಿದ ಕುಟುಂಬಕ್ಕೆ ಊಟ ದಿನವೂ ಬೇಕು. ಸ್ವಂತ ಜಮೀನಿನ ಉತ್ಪನ್ನದಿಂದಲೇ ಬದುಕಬೇಕೆನ್ನುವವರು ಬಿತ್ತನೆ, ನೀರಾವರಿ, ಇಳುವರಿಗಳ ಬಗ್ಗೆ ಸಾಕಷ್ಟು ಯೋಚಿಸುತ್ತಾರೆ. ಒಂದು ಋತುವಿನ ಸಮೃದ್ಧಿಯನ್ನು ಮತ್ತೊಂದು ಋತುವಿನ ಕೊರತೆಗೆ ಒದಗಿಸುವ ವಿದ್ಯೆಗೆ ಅಷ್ಟು ಗಮನ ಸಿಗುವುದಿಲ್ಲ. ಕುಟುಂಬದ ಬೇಸಾಯ ತನ್ನ ಕಾಲ ಮೇಲೆ ನಿಲ್ಲುವುದು ಬಹುಮಟ್ಟಿಗೆ ಈ ವಿದ್ಯೆಯಿಂದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೊಯ್ಲಾದ ಮೇಲೂ ತರಕಾರಿಯ ಜೀವಕೋಶಗಳು ಉಸಿರಾಡುತ್ತಲೇ ಇರುತ್ತವೆ. ಅವು ಕೂಡಿಟ್ಟ ಸಕ್ಕರೆಯನ್ನೂ ಪಿಷ್ಟವನ್ನೂ ಬಳಸಿಕೊಂಡು ಇಂಗಾಲದ ಡೈಆಕ್ಸೈಡ್, ನೀರು ಮತ್ತು ಶಾಖವನ್ನು ಹೊರಬಿಡುತ್ತವೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಉಸಿರಾಟದ ವೇಗ ಸುಮಾರು ಎರಡರಿಂದ ಮೂರು ಪಟ್ಟಾಗುತ್ತದೆ. ಬಿಸಿಲೇರುವ ಮೊದಲೇ ಕೊಯ್ದು ಕೂಡಲೇ ತಣಿಸಿದ ಸೊಪ್ಪು ಹೆಚ್ಚು ಹೊತ್ತು ಬಾಡದೆ ಉಳಿಯುವುದಕ್ಕೆ ಇದೂ ಒಂದು ಕಾರಣ. ಆದರೆ ಎಲ್ಲವನ್ನೂ ಒಂದೇ ಕೋಣೆಯಲ್ಲಿ ತಂಪಾಗಿ ಇಟ್ಟರೆ ಸಾಲದು. ಕ್ಯಾರೆಟ್‌ನಂಥ ಗಡ್ಡೆಗಳಿಗೆ ತೇವ ತುಂಬಿದ ತಂಪು ಗಾಳಿ ಹಿತವಾದರೆ, ಈರುಳ್ಳಿಗೆ ಒಣ ಗಾಳಿಯೇ ಬೇಕು. ಆಲೂಗಡ್ಡೆಯನ್ನು 4 ಡಿಗ್ರಿಗಿಂತ ಕೆಳಗೆ ಬಹುಕಾಲ ಇಟ್ಟರೆ ಅದರ ಪಿಷ್ಟ ಸಕ್ಕರೆಯಾಗಿ ಬದಲಾಗತೊಡಗುತ್ತದೆ. ಮಾಗುತ್ತಿರುವ ಸೇಬಿನಿಂದ ಹೊರಡುವ ಎಥಿಲೀನ್ ಅನಿಲ ಪಕ್ಕದಲ್ಲಿರುವ ಕ್ಯಾರೆಟ್‌ಗೆ ಕಹಿ ತರುತ್ತದೆ.

ಹಸಿಯಾಗಿ ಉಳಿಯದ್ದನ್ನು ಒಣಗಿಸುತ್ತೇವೆ, ಇಲ್ಲವೇ ಉಪ್ಪಿನಲ್ಲಿ ಇಡುತ್ತೇವೆ. ಎರಡರ ಹಿಂದಿನ ತತ್ತ್ವವೂ ಬಹುಪಾಲು ಒಂದೇ. ಆಹಾರದಲ್ಲಿ ಒಟ್ಟು ಎಷ್ಟು ನೀರಿದೆ ಎನ್ನುವುದಕ್ಕಿಂತ, ಅದರಲ್ಲಿ ಎಷ್ಟು ನೀರು ಸೂಕ್ಷ್ಮಜೀವಿಗಳ ಬಳಕೆಗೆ ಒದಗುತ್ತದೆ ಎನ್ನುವುದು ಮುಖ್ಯ. ಶುದ್ಧ ನೀರಿಗೆ 1 ಎಂಬ ಅಂಕ ಕೊಟ್ಟು ಈ ಲಭ್ಯತೆಯನ್ನು ಅಳೆಯುತ್ತಾರೆ. ಅದು ಸುಮಾರು 0.9ಕ್ಕಿಂತ ಕೆಳಗಿಳಿದರೆ ಬಹುತೇಕ ಬ್ಯಾಕ್ಟೀರಿಯಾಗಳ ಬೆಳವಣಿಗೆ ನಿಲ್ಲುತ್ತದೆ; ಶಿಲೀಂಧ್ರಗಳು ಇನ್ನೂ ಒಣ ಸ್ಥಿತಿಯನ್ನು ತಾಳಿಕೊಳ್ಳುತ್ತವೆಯಾದರೂ 0.6ಕ್ಕಿಂತ ಕೆಳಗೆ ಅವುಗಳಿಗೂ ಬೆಳೆಯಲು ಸಾಧ್ಯವಿಲ್ಲ. ಹದವಾಗಿ ಒಣಗಿದ ಕಾಳು ಕೆಡದಿರುವುದು ಇದರಿಂದಲೇ. ತೂಕದ ಶೇ. 2ರಷ್ಟು ಉಪ್ಪು ಬೆರೆಸಿ ಗಾಳಿಯಾಡದಂತೆ ಮುಚ್ಚಿಟ್ಟ ಎಲೆಕೋಸಿನ ಕಥೆ ಸ್ವಲ್ಪ ಬೇರೆ: ಅಷ್ಟು ಉಪ್ಪು ನೀರನ್ನು ಪೂರ್ತಿ ಕಟ್ಟಿಹಾಕಲಾರದು, ಆದರೆ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳಿಗೆ ಮೇಲುಗೈ ಕೊಡುತ್ತದೆ. ಅವುಗಳ ಹುಳಿಯೇ ಮುಂದೆ ಕಾವಲು ಕಾಯುತ್ತದೆ.

ಮನೆಯಲ್ಲಿ ಡಬ್ಬಿಯಲ್ಲೋ ಬಾಟಲಿಯಲ್ಲೋ ತುಂಬಿಡುವವರಿಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಫ್ರಾನ್ಸಿನ ನಿಕೊಲಾ ಅಪೆರ್ ಆಹಾರವನ್ನು ಬಾಟಲಿಯಲ್ಲಿ ತುಂಬಿ, ಗಾಳಿಯಾಡದಂತೆ ಮುಚ್ಚಿ ಕುದಿಸುವ ಈ ವಿಧಾನವನ್ನು 1810ರಲ್ಲಿ ಪ್ರಕಟಿಸಿದಾಗ ಅದು ಏಕೆ ಫಲಿಸುತ್ತದೆ ಎಂಬುದು ತಿಳಿದಿರಲಿಲ್ಲ. ಸೂಕ್ಷ್ಮಜೀವಿಗಳ ಪಾತ್ರವನ್ನು ಲೂಯಿ ಪಾಶ್ಚರ್ ತೋರಿಸಿದ್ದು ದಶಕಗಳ ನಂತರ. ಬಾಟುಲಿಸಂ ಎಂಬ ಮಾರಕ ವಿಷಬಾಧೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿನಲ್ಲೂ ಬದುಕಿ ಉಳಿಯುತ್ತವೆ, ಗಾಳಿಯಿಲ್ಲದ ಬಾಟಲಿ ಅವುಗಳಿಗೆ ಹೇಳಿ ಮಾಡಿಸಿದ ಜಾಗ. ಆಮ್ಲೀಯತೆಯ ಪಿಎಚ್ ಅಂಕ 4.6 ಅಥವಾ ಅದಕ್ಕಿಂತ ಕಡಿಮೆ ಇರುವ ಹುಳಿ ಪದಾರ್ಥಗಳಲ್ಲಿ ಅವು ಮೊಳೆಯಲಾರವು. ಹುಳಿಯಿಲ್ಲದ ತರಕಾರಿ ಮತ್ತು ಕಾಳುಗಳನ್ನು ಒತ್ತಡದ ಉಪಕರಣದಲ್ಲಿ, ಸುಮಾರು 116ರಿಂದ 121 ಡಿಗ್ರಿಯಲ್ಲಿ, ನಿಗದಿತ ಹೊತ್ತು ಬೇಯಿಸದೆ ಮುಚ್ಚಿಡಬಾರದು.

ಬಿತ್ತನೆ ಬೀಜಕ್ಕೂ ತೇವ ಮತ್ತು ಶಾಖಗಳೇ ಶತ್ರುಗಳು. ತೇವಾಂಶ ಶೇ. 1ರಷ್ಟು ತಗ್ಗಿದರೆ, ಅಥವಾ ಉಷ್ಣತೆ ಸುಮಾರು 5 ಡಿಗ್ರಿ ಇಳಿದರೆ, ಬೀಜದ ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬ ಸ್ಥೂಲ ನಿಯಮವೊಂದು ಬಳಕೆಯಲ್ಲಿದೆ. ಒಣಗಿಸಿಟ್ಟು ಉಳಿಸಬಹುದಾದ ಬೀಜಗಳಿಗೆ ಮಾತ್ರ ಇದು ಅನ್ವಯಿಸುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಕಣಜ ಮಣ್ಣು. ಸೋರಿಕೆ ಹೆಚ್ಚಿರುವುದೂ ಅಲ್ಲಿಯೇ. ಗೊಬ್ಬರದಲ್ಲಿರುವ ಸಾರಜನಕವನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ಕೊನೆಗೆ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ನೈಟ್ರೇಟಿನದು ಋಣ ವಿದ್ಯುದಂಶ, ಜೇಡಿಮಣ್ಣಿನ ಕಣಗಳದ್ದೂ ಬಹುಪಾಲು ಋಣವೇ. ಹೀಗಾಗಿ ಅದು ಮಣ್ಣಿಗೆ ಅಂಟಿಕೊಳ್ಳದೆ, ಮಳೆನೀರಿನೊಂದಿಗೆ ಬೇರಿಗೆ ಎಟುಕದ ಆಳಕ್ಕೆ ಇಳಿದು, ಅಂತರ್ಜಲವನ್ನು ಕೆಡಿಸುತ್ತದೆ. ಕೊಯ್ಲಾದ ಮೇಲೆ ಬರಿದಾಗಿ ಬಿದ್ದ ಹೊಲ ಮಳೆಗೆ ಸಿಕ್ಕಿದಾಗ ನಷ್ಟ ಅತಿ ಹೆಚ್ಚು. ಮಾರಾಟಕ್ಕಲ್ಲದೆ ನೆಲ ಮುಚ್ಚಲೆಂದೇ ಬಿತ್ತುವ ಹೊದಿಕೆ ಬೆಳೆ ಆ ನೈಟ್ರೇಟನ್ನು ಹೀರಿ ತನ್ನ ಎಲೆಕಾಂಡಗಳಲ್ಲಿ ಹಿಡಿದಿಡುತ್ತದೆ. ತೇವ ಕಡಿಮೆಯಿರುವಲ್ಲಿ ಅದೇ ಬೆಳೆ ಮುಂದಿನ ಪೈರಿನ ನೀರನ್ನೂ ಕುಡಿದುಬಿಡುತ್ತದೆ ಎಂಬುದನ್ನು ಮರೆಯುವಂತಿಲ್ಲ; ಅಂಥ ನೆಲಕ್ಕೆ ಒಣಹುಲ್ಲಿನ ಮುಚ್ಚಿಗೆಯೇ ಲೇಸು.

ಹೊದಿಕೆ ಬೆಳೆಯನ್ನು ಮಣ್ಣಿಗೆ ಸೇರಿಸುವ ಸಮಯವೂ ಮುಖ್ಯ. ಎಳೆಯ ಹಸಿರಿನಲ್ಲಿ ಇಂಗಾಲಕ್ಕೆ ಹೋಲಿಸಿದರೆ ಸಾರಜನಕದ ಪಾಲು ಹೆಚ್ಚಿರುವುದರಿಂದ ಅದು ಬೇಗ ಕೊಳೆತು ಸಾರವನ್ನು ಬಿಟ್ಟುಕೊಡುತ್ತದೆ. ಬಲಿತು ಒಣಗಿದ ದಂಟಿನಲ್ಲಿ ಇಂಗಾಲವೇ ಅಧಿಕ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಸೆಳೆದುಕೊಂಡು, ಹೊಸ ಪೈರನ್ನು ಕೆಲಕಾಲ ಹಳದಿಗಟ್ಟಿಸುತ್ತವೆ. ದ್ವಿದಳ ಸಸ್ಯಗಳ ಬೇರುಗಂಟುಗಳಲ್ಲಿ ವಾಸಿಸುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ ಎಂಬುದನ್ನು ಜರ್ಮನಿಯ ವಿಜ್ಞಾನಿಗಳಾದ ಹೆಲ್‌ರೀಗೆಲ್ ಮತ್ತು ವಿಲ್ಫಾರ್ತ್ 1880ರ ದಶಕದಲ್ಲಿ ತೋರಿಸಿಕೊಟ್ಟರು. ಆದರೆ ಕಾಳು ಬಲಿಯುವಾಗ ಆ ಸಾರಜನಕದ ದೊಡ್ಡ ಪಾಲು ಕಾಳಿಗೇ ಸೇರುತ್ತದೆ. ಕಾಳನ್ನು ಕೊಯ್ದು ಒಯ್ದ ಮೇಲೆ ಉಳಿದ ಸೊಪ್ಪುಸದೆಯಿಂದ ನೆಲಕ್ಕೆ ಸಿಗುವುದು ಅಲ್ಪ. ಆದ್ದರಿಂದ ಮಣ್ಣಿಗೆಂದೇ ಬೆಳೆದ ದ್ವಿದಳ ಬೆಳೆಯನ್ನು ಹೂ ಬಿಡುವ ಹಂತದಲ್ಲಿಯೇ ಕತ್ತರಿಸಿ ಮಣ್ಣಿಗೆ ಸೇರಿಸಿ, ಎರಡು ಮೂರು ವಾರ ಕೊಳೆಯಲು ಬಿಟ್ಟು, ಆಮೇಲೆ ಮುಂದಿನ ಬಿತ್ತನೆ ಮಾಡಬೇಕು.